ಏಳಕ್ಕೂ ಎಂಟಕ್ಕೂ ನಡುವಿನ ಅರ್ಧ ನಿಮಿಷ

“ತಲೆ ಕಡೆಯವರು ಎತ್ತಿ ಹಿಡೀರಿ, ಕಾಲು ಮೊದಲು ಇಳೀಲಿ,” ಎಂದು ಕೆಳಮನೆಯ ನಿವೃತ್ತ ಡ್ರೈವರ್ ಮೆಟ್ಟಿಲ ತಿರುವಿನಲ್ಲಿ ನಿಂತು ಹೇಳುತ್ತಿದ್ದ. ಮೂರನೆಯ ಮಹಡಿಯಿಂದ ನೆಲದವರೆಗೆ ಆರು ತಿರುವು. ಸ್ಟ್ರೆಚರ್ ಆರಡಿ ಉದ್ದ, ತಿರುವಿನ ಅಗಲ ನಾಲ್ಕಡಿ. ಪ್ರತಿ ಸಲವೂ ಅದನ್ನು ಓರೆಯಾಗಿ ನಿಲ್ಲಿಸಬೇಕಾಗಿತ್ತು. ಕಟ್ಟಿದ ಪಟ್ಟಿ ಜಾರದಂತೆ ಮಗಳು ತಾಯಿಯ ಎದೆಯ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು.

“ಬಸ್ ತಿರುಗಿಸ್ದಂಗಲ್ಲ ಇದು, ನಿಧಾನ,” ಎಂದ ಸೋದರಮಾವ.

“ಬಸ್ಸಾಗಿದ್ರೆ ಒಂದ್ಸಲ ರಿವರ್ಸ್ ತಗೋಬಹುದಿತ್ತು. ಇದಕ್ಕೆ ಅದೂ ಇಲ್ವಲ್ಲ,” ಎಂದ ಡ್ರೈವರ್.

ಯಾರೂ ನಗಲಿಲ್ಲ, ಬೇಸರಿಸಿಕೊಳ್ಳಲೂ ಇಲ್ಲ. ತಂದೆ ಕೊನೆಯವನಾಗಿ ಗೋಡೆ ಹಿಡಿದುಕೊಂಡು ಇಳಿಯುತ್ತಿದ್ದ. ನಲವತ್ತು ವರ್ಷ ಮನೆಮನೆಯ ನೀರಿನ ಮೀಟರ್ ಓದಿದ ಅವನಿಗೆ ಊರಿನ ಮೆಟ್ಟಿಲುಗಳೆಲ್ಲ ಗೊತ್ತಿದ್ದವು. ಇವತ್ತು ತನ್ನ ಮನೆಯವೇ ಲೆಕ್ಕ ತಪ್ಪುತ್ತಿದ್ದವು.

ಸತ್ತಾಕೆ ಶಾಸನಸಭೆಯ ಶೀಘ್ರಲಿಪಿಗಾರ್ತಿ. ಮೂವತ್ತೊಂದು ವರ್ಷ ಸಭೆಯ ನಡುವಿನ ಮೇಜಿಗೆ ಕೂತು, ಸುತ್ತ ಯಾರು ಏನು ಹೇಳಿದರೂ ಪೆನ್ಸಿಲಿನಲ್ಲಿ ಗೀಚಿಕೊಂಡು, ಆಮೇಲೆ ಟೈಪು ಮಾಡಿ, ಪುಟಪುಟಕ್ಕೂ ಸಹಿ ಹಾಕಿ ಕೊಟ್ಟವಳು. ಅಲ್ಲಿ ಲಿಪಿಗಾರರನ್ನು ಸರದಿಯ ಅಂಕಿಯಿಂದಲೇ ಕರೆಯುತ್ತಿದ್ದರು. ಈಕೆ ಏಳು. ಮೊನ್ನೆ ಸಂಜೆ ಕೈಕಾಲು ತೊಳೆಯಲು ಹೋದವಳು ಬಚ್ಚಲ ಬಾಗಿಲಲ್ಲೇ ಕುಸಿದಳು. ಹೃದಯಾಘಾತ.

ವ್ಯಾನು ಹೊರಟಾಗ ಮಾವ ಅಕ್ಕನ ಮಗಳ ಪಕ್ಕ ಕೂತ. “ಅತ್ತುಬಿಡು ಮಗು. ಒಳಗಿಟ್ಕೋಬಾರ್ದು.”

“ಬರ್ತಿಲ್ಲ ಮಾವ.”

ನಿಜಕ್ಕೂ ಬರುತ್ತಿರಲಿಲ್ಲ. ಐದು ವಾರಗಳಿಂದ ಅವಳು ತಾಯಿಯ ಮೇಲೆ ಸಿಟ್ಟಾಗಿದ್ದಳು. ಸಿಟ್ಟಿಗೆ ಉತ್ತರ ಕೊಡಬೇಕಾಗಿದ್ದವಳು ಈಗ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಳು.

* * *

ನಲವತ್ತು ದಿನಗಳ ಹಿಂದೆ ಆಳುವ ಪಕ್ಷ ಸಂವಿಧಾನವನ್ನೇ ಹೊಸದಾಗಿ ಬರೆಯುವ ಮಸೂದೆಯನ್ನು ಸಭೆಯ ಮುಂದಿಟ್ಟಿತ್ತು. ಇನ್ನೂರ ನಲವತ್ತು ಸದಸ್ಯರಲ್ಲಿ ನೂರ ಅರವತ್ತು ಜನ ಒಪ್ಪಬೇಕು. ಪಕ್ಷಕ್ಕಿದ್ದದ್ದು ನೂರ ಐವತ್ತನಾಲ್ಕು. ಅಧ್ಯಕ್ಷರು ಎಣಿಸಲಿಲ್ಲ. ಬರೀ ದನಿ ಕೇಳಿ ‘ಅಂಗೀಕಾರವಾಗಿದೆ’ ಎಂದುಬಿಟ್ಟರು. ಒಬ್ಬನೇ ಸದಸ್ಯ ಎಣಿಕೆ ಕೇಳಿದರೂ ಎಣಿಸಲೇಬೇಕೆಂಬುದು ನಿಯಮ. ಕೇಳಿದೆವು ಎಂದು ವಿರೋಧ ಪಕ್ಷ, ಯಾರೂ ಕೇಳಲಿಲ್ಲ ಎಂದು ಆಳುವ ಪಕ್ಷ. ನೇರಪ್ರಸಾರ ಅಷ್ಟು ಹೊತ್ತಿಗೆ ಕಡಿದುಹೋಗಿತ್ತು, ವಿರೋಧಿಗಳ ಮೈಕುಗಳೂ ಸತ್ತಿದ್ದವು. ಉಳಿದದ್ದು ಅಚ್ಚಾದ ನಡಾವಳಿ ಒಂದೇ. ಅದರಲ್ಲಿ ಎಣಿಕೆಯ ಮಾತೇ ಇರಲಿಲ್ಲ. ಆ ಪುಟದ ಅಂಚಿನಲ್ಲಿ ಸಣ್ಣಗೆ ‘೭’ ಎಂದು ಅಚ್ಚಾಗಿತ್ತು.

ಮಗಳು ಆ ಪುಟವನ್ನು ತಂದು ಇಸ್ತ್ರಿ ಮೇಜಿನ ಮೇಲಿಟ್ಟಳು.

“ಇದು ನಿನ್ನ ನಂಬರು ತಾನೆ?”

“ಹೌದು.”

“ಎಣಿಸಿ ಅಂತ ಅರ್ಧ ಸಭೆ ಎದ್ದು ನಿಂತಿತ್ತಂತೆ. ಇದರಲ್ಲಿ ಒಂದು ಸಾಲೂ ಇಲ್ಲ.”

“ಇಲ್ಲ.”

“ನಿಂಗೆ ಕೇಳಿಸ್ಲಿಲ್ವಾ, ಇಲ್ಲಾ ಕೇಳಿಸಿಯೂ ಬರೀಲಿಲ್ವಾ?”

ತಾಯಿ ಅಂಗಿಯ ಕಾಲರಿನ ಮೇಲೆ ನೀರು ಚಿಮುಕಿಸಿದಳು. “ಅದು ಕೋರ್ಟಿಗೆ ಹೋಗಿರೋ ವಿಷಯ. ನಾನು ಬರೆಯೋಳು, ಹೇಳೋಳಲ್ಲ.”

“ಸಹಿ ಹಾಕಿದ್ಯಾ, ಇಲ್ವಾ? ಅದೊಂದು ಹೇಳು.”

“ನಿನ್ನ ಬಿಳಿ ಕೋಟು ಕೊಡು. ಇಸ್ತ್ರಿ ಇನ್ನೂ ಬಿಸಿ ಇದೆ.”

“ಬಿಡು ಮಗಳೆ,” ಎಂದ ತಂದೆ ಕುರ್ಚಿಯಿಂದ. “ಮೂವತ್ತು ವರ್ಷದಿಂದ ದೇಶದ ಗುಟ್ಟೆಲ್ಲ ಇವಳ ಹೊಟ್ಟೇಲಿ. ನನ್ನ ಕನ್ನಡಕ ಎಲ್ಲಿದೆ ಅಂತ ಕೇಳಿದ್ರೂ ಬಾಯಿ ಬಿಡಲ್ಲ.”

ಮಗಳು ಕೋಟು ಕೊಡಲಿಲ್ಲ. ಅಂದಿನಿಂದ ಸುಕ್ಕುಗಟ್ಟಿದ ಕೋಟಿನಲ್ಲೇ ರಕ್ತಪರೀಕ್ಷೆಯ ಲ್ಯಾಬಿಗೆ ಹೋದಳು. ಅಲ್ಲಿ ಅವಳ ಕೆಲಸ, ಇದ್ದದ್ದನ್ನು ಇದ್ದಂತೆ ಬರೆಯುವುದು. ಹಿಮೋಗ್ಲೋಬಿನ್ ಏಳು ಇದ್ದರೆ ಏಳು. ರೋಗಿಗೆ ಬೇಜಾರಾಗುತ್ತದೆಂದು ಹನ್ನೆರಡು ಬರೆಯುವಂತಿಲ್ಲ. ಇದನ್ನು ಕಲಿಸಿದವಳೇ ಅಮ್ಮ ಎಂಬುದಕ್ಕೇ ಅವಳಿಗೆ ಹೆಚ್ಚು ಉರಿಯುತ್ತಿತ್ತು.

* * *

ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿತು. ಎಂಬತ್ತು ನಿಮಿಷ ಬೇಕು, ಹೊರಗೆ ಕೂತಿರಿ ಎಂದು ಅಲ್ಲಿನ ಕೆಲಸದವನು ಹೇಳಿದ. ಹಜಾರದಲ್ಲಿ ಗೋಡೆಗುಂಟ ಮರದ ಬೆಂಚುಗಳಿದ್ದವು. ಬಂದಿದ್ದ ಹತ್ತು ಹದಿನೈದು ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಇವತ್ತೇ ಅಲ್ವಾ ಕೋರ್ಟಿನಲ್ಲಿ?” ಎಂದು ಡ್ರೈವರ್ ಕೇಳಿದ.

“ಅದೇನು ಕೇಳೋದು. ಹೊಸ ಸಂವಿಧಾನ ಬಂದಾಯ್ತು,” ಎಂದ ಮಾವ. ಅವನು ಆಳುವ ಪಕ್ಷದ ಕಡೆಯವನು, ಅಂಗಡಿಯ ಮೇಲೆ ಬಾವುಟ ಕಟ್ಟಿದವನು. “ಅಕ್ಕನ ಆಫೀಸಿನ ಪುಸ್ತಕದಲ್ಲೇ ಇದೆಯಲ್ಲ, ಯಾರೂ ಕೇಳಿಲ್ಲ ಅಂತ.”

ಮಗಳು ಎದ್ದು ಕಿಟಕಿಯ ಬಳಿ ಹೋದಳು.

ಆಗ ಗೇಟಿನಿಂದ ಒಬ್ಬ ಕುಳ್ಳ ಮನುಷ್ಯ ಓಡುವುದೋ ನಡೆಯುವುದೋ ತಿಳಿಯದ ಹೆಜ್ಜೆಯಲ್ಲಿ ಬಂದ. ಮೈಗೆ ಕಪ್ಪು ಕೋಟು, ಕುತ್ತಿಗೆಯ ಮೇಲೆ ಬೆವರು. ತಾಯಿಯ ಪಕ್ಕದ ಸರದಿಯವನು, ಎಂಟು. ಇಪ್ಪತ್ತೆರಡು ವರ್ಷ ಅವಳ ಪಕ್ಕ ಕೂತು ಬರೆದವನು.

“ಒಳಗೆ ಕಳಿಸಿಬಿಟ್ರಾ?”

“ಅರ್ಧ ಗಂಟೆ ಆಯ್ತು,” ಎಂದಳು ಮಗಳು.

ಎಂಟು ಬೆಂಚಿನ ಮೇಲೆ ಕೂತ. “ಕೋರ್ಟಿಂದ ಬಂದೆ. ನಿಮ್ಮಮ್ಮನ ಪುಸ್ತಕ ಓದಿಸಿದ್ರು.”

“ಯಾವ ಪುಸ್ತಕ?”

“ಶೀಘ್ರಲಿಪಿದು. ಮೂರು ವಾರದ ಹಿಂದೇನೇ ಅವರು ಅದನ್ನ ಕೋರ್ಟಿಗೆ ಒಪ್ಪಿಸಿದ್ರಮ್ಮ. ಇವತ್ತು ಅವರೇ ಬಂದು ಓದಬೇಕಿತ್ತು.” ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಆ ಪುಟಕ್ಕೆ ಅವರು ಸಹಿ ಹಾಕ್ಲಿಲ್ಲ. ಅಂಚಿನ ನಂಬರು ಸರದಿ ಪಟ್ಟಿ ನೋಡಿ ಅಚ್ಚಿನವರು ಹಾಕೋದು. ಸಹಿ ಹಾಕಿದ್ದು ನಾನು.”

* * *

ಪ್ರತಿಯೊಬ್ಬರ ಸರದಿ ಹತ್ತು ನಿಮಿಷ. ಮುಂದಿನವರು ಅರ್ಧ ನಿಮಿಷ ಮೊದಲೇ ಬಂದು ಕೂರಬೇಕು. ಆ ಅರ್ಧ ನಿಮಿಷ ಇಬ್ಬರೂ ಬರೆಯುತ್ತಾರೆ, ಹೊಲಿಗೆಯಲ್ಲಿ ಎರಡು ಬಟ್ಟೆಯ ಅಂಚು ಒಂದರ ಮೇಲೊಂದು ಬರುವಂತೆ. ಆ ದಿನ ಎಣಿಕೆಯ ಕೂಗು ಎದ್ದದ್ದು ಸರಿಯಾಗಿ ಅಲ್ಲಿ.

ಮೈಕು ಸತ್ತಿದ್ದರಿಂದ ಏಳು ಮುಂದಕ್ಕೆ ಬಾಗಿ ಸದಸ್ಯರ ಬಾಯಿಗಳನ್ನೇ ನೋಡುತ್ತ ಬರೆದಳು. ಯಾರೋ ಎಸೆದ ಕಾಗದದ ಕಟ್ಟು ಮೇಜಿನ ಮೇಲೆ ಬಿತ್ತು. ಮೊಣಕೈಯಿಂದ ಅದನ್ನು ಸರಿಸಿದಳು, ಪೆನ್ಸಿಲು ನಿಲ್ಲಲಿಲ್ಲ.

ಮಧ್ಯಾಹ್ನ ಸಭೆಯ ಕಾರ್ಯದರ್ಶಿ ಇಬ್ಬರನ್ನೂ ಕರೆಸಿದ. “ಅಲ್ಲಿ ‘ಗದ್ದಲ’ ಅಂತ ಒಂದು ಪದ ಹಾಕಿ ಸಹಿ ಮಾಡಿ. ಸಾಕು.”

“ಗದ್ದಲ ಅಲ್ಲ ಸಾರ್, ಮಾತು,” ಎಂದಳು ಏಳು. “ನನಗೆ ಕೇಳಿಸಿದೆ.”

ಕಾರ್ಯದರ್ಶಿ ಪೆನ್ನಿನ ಮುಚ್ಚಳ ತೆಗೆದು ಎಂಟರ ಕಡೆ ಹಿಡಿದ. “ನೀವೂ ಬರೆದಿದ್ದೀರಲ್ಲ. ನಿಮ್ಮ ಸಹಿಯೂ ನಡೆಯುತ್ತೆ.”

ಎಂಟಕ್ಕೆ ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಸಹಿ ಮಾಡಿದ. ತನ್ನ ಪುಸ್ತಕವನ್ನೂ ಅಲ್ಲೇ ಬಿಟ್ಟು ಬಂದ.

* * *

“ಕಾರಿಡಾರಿನಲ್ಲಿ ಕೈಮುಗಿದು ಕೇಳ್ಕೊಂಡೆ, ಮನೇಲೂ ಹೇಳ್ಬೇಡಿ ಅಂತ,” ಎಂದ ಎಂಟು. “‘ನಾನು ಬರೆದದ್ದನ್ನ ನಾನು ಕೊಡ್ತೀನಿ. ನಿಮ್ಮದನ್ನ ನೀವೇ ಹೇಳ್ಕೊಳ್ಳಿ’ ಅಂದ್ರು. ಆಮೇಲೆ ಒಂದು ಮಾತಿಲ್ಲ. ಪಕ್ಕದಲ್ಲೇ ಕೂತು ದಿನಾ ಪೆನ್ಸಿಲು ಚೂಪು ಮಾಡ್ತಿದ್ರು, ಅಷ್ಟೆ.”

ಸಹಿ ಹಾಕಿಲ್ಲ ಎಂದು ಅಮ್ಮ ಅಂದಿದ್ದರೆ, ಹಾಗಾದರೆ ಯಾರು ಹಾಕಿದರೆಂದು ತಾನು ಬಿಡದೆ ಕೇಳುತ್ತಿದ್ದಳು. ಮಗಳಿಗೆ ಇದು ಈಗ ಹೊಳೆಯಿತು.

“ಇವತ್ತು ಏನಾಯ್ತು?”

“ಅಚ್ಚಾದದ್ದೇ ಸರಿ ಅಂತ ಹೇಳೋಕೆ ನನ್ನನ್ನ ಕಳಿಸಿದ್ರು. ಸರ್ಕಾರದ ವಕೀಲ ನಿಮ್ಮಮ್ಮನ ಪುಸ್ತಕ ಎತ್ತಿ ಹಿಡಿದು, ‘ಇದು ಕಾಗೆ ಕಾಲಿನ ಗುರುತು, ಗೀಚಿದವರೇ ಇಲ್ಲ, ಓದೋರು ಯಾರು’ ಅಂದ. ನ್ಯಾಯಾಧೀಶರು, ಇಲ್ಲಿ ಯಾರಿಗಾದ್ರೂ ಓದೋಕೆ ಬರುತ್ತಾ ಅಂದ್ರು.” ಅವನು ಕರವಸ್ತ್ರ ಮಡಿಸಿದ. “ಎದ್ದು ನಿಂತುಬಿಟ್ಟೆ. ಪೂರ್ತಿ ಓದಿದೆ. ಎಣಿಸಿ, ಎಣಿಸಿ, ಎದ್ದು ನಿಂತಿದ್ದೀವಿ ಎಣಿಸಿ ಅಂತ ಒಂಬತ್ತು ಸಲ. ಹಾಗಾದ್ರೆ ನಿಮ್ಮ ಸಹಿ ಅಂತ ಕೇಳಿದ್ರು. ಸುಳ್ಳು ಅಂದೆ.”

“ಅವರು ಏನಂದ್ರು?”

“ಎಣಿಸದೆ ಆದದ್ದು ಆದಂಗಲ್ಲ ಅಂದ್ರು. ಮತ್ತೆ ಮತಕ್ಕೆ ಹಾಕಬೇಕು, ತಲೆ ಎಣಿಸಬೇಕು. ಅಲ್ಲಿವರೆಗೆ ಹಳೇ ಸಂವಿಧಾನವೇ.”

ಡ್ರೈವರ್ ಮಾವನ ಕಡೆ ನೋಡಿ ಬೆರಳು ಮಡಿಸಿದ. “ನೂರ ಐವತ್ತನಾಲ್ಕು. ಆರು ಕಡಿಮೆ.”

“ನಂಗೂ ಲೆಕ್ಕ ಬರುತ್ತೆ ಮಾರಾಯ,” ಎಂದ ಮಾವ. ಫೋನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ಆಮೇಲೆ, “ನಾನು ಆರನೇ ಕ್ಲಾಸಿನಲ್ಲಿ ಅಪ್ಪನ್ನ ಬೈದಿದ್ದೆ. ಅಕ್ಕ ಬರೆದಿಟ್ಕೊಂಡು ಸಂಜೆ ಅಪ್ಪನ ಮುಂದೆ ಓದಿದ್ಲು, ಒಂದಕ್ಷರ ಬಿಡದೆ. ಅಕ್ಕ ಬರೆದಿದ್ರೆ ಹಾಗೇ ನಡೆದಿರುತ್ತೆ ಬಿಡಿ,” ಎಂದ.

ತಂದೆ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ. ಮಗಳಿಗೆ ಎರಡು ದಿನದಿಂದ ಬರದಿದ್ದ ಅಳು ಸದ್ದಿಲ್ಲದೆ, ತಡೆಯಿಲ್ಲದೆ ಬಂತು. ಅದರಲ್ಲಿ ನೋವಿಗಿಂತ ಹೆಚ್ಚಾಗಿ ಬಿಗಿದ ಕಟ್ಟು ಸಡಿಲವಾದ ಹಗುರವಿತ್ತು. ಅವಳು ಎಂಟರಿಂದ ಎರಡು ಮೊಳ ದೂರದಲ್ಲಿ ಕೂತಳು.

“ಕೆಲಸ ಹೋಗುತ್ತಾ?”

“ಹೋಗುತ್ತೆ,” ಎಂದ ಎಂಟು. “ಹೋಗ್ಲಿ.”

ಆಮೇಲೆ ಯಾರೂ ಅವನನ್ನು ಮಾತಾಡಿಸಲಿಲ್ಲ. ಕೆಲಸದವನು ಬಾಗಿಲು ತೆರೆದು ಬೂದಿಯ ಸ್ಟೀಲ್ ಡಬ್ಬಿ ತಂದಾಗ ಎಂಟು ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದ. ಬಾಯಿ ಅರ್ಧ ತೆರೆದಿತ್ತು, ಕಪ್ಪು ಕೋಟಿನ ಗುಂಡಿ ಬಿಚ್ಚಿತ್ತು, ಗೊರಕೆ ಹಜಾರಕ್ಕೆಲ್ಲ ಕೇಳುತ್ತಿತ್ತು. “ಏಳಿಸ್ಲಾ? ಬೀಗ ಹಾಕೋ ಹೊತ್ತಾಯ್ತು,” ಎಂದ ಕೆಲಸದವನು. ಮಗಳು ತುಟಿಯ ಮೇಲೆ ಬೆರಳಿಟ್ಟಳು. ಡಬ್ಬಿ ಇನ್ನೂ ಬಿಸಿಯಾಗಿತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಅವನು ತಾನಾಗಿ ಏಳುವವರೆಗೆ, ಪಕ್ಕದಲ್ಲೇ ಕೂತಳು.