ಕ್ಯಾಪಿನೊಳಗಿನ ರಬ್ಬರು

"ಬಾಯಲ್ಲಿ ಏನ್ ಇಟ್ಕೊಂಡಿದೀಯ, ಬೋಳಿಮಗನೆ? ಬೊಗಳು! ಇದರ ಸಿಪ್ಪೆ ತೆಗೆದೋರು ಯಾರು?"

ಯಜಮಾನ ಪೈಪಿನ ತುದಿಯನ್ನು ಮುದುಕನ ಮೂಗಿಗೆ ತಿವಿದ. ಕ್ಯಾಪು ಕಳಚಿ ಹೋಗಿದ್ದ ತುದಿ ಅದು. ಆ ಪೈಪು ಕೊಂಡಿದ್ದ ಕ್ರೇನಿನ ಮಾಲೀಕ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದ. ಕ್ಯಾಪು ಅದುಮುವ ಪ್ರೆಸ್ಸಿನವನು ಯಂತ್ರ ನಿಲ್ಲಿಸಿ, ಕೈ ಒರೆಸುವ ನೆಪದಲ್ಲಿ ಬಟ್ಟೆಯ ಕಡೆ ನೋಡುತ್ತಿದ್ದ.

"ನಾನೇ ಯಜಮಾನ್ರೆ," ಎಂದ ಮುದುಕ.

ಅವನ ಹಿಂದೆ ಸೊಸೆ ನಿಂತಿದ್ದಳು. ಆ ಪೈಪಿನ ಸಿಪ್ಪೆ ತೆಗೆದವಳು ಅವಳು. ಮಾವ ಅವತ್ತು ಕೆಮ್ಮು ಹೆಚ್ಚಾಗಿ ಹೊರಗೆ ಹೋಗಿ ಕೂತಿದ್ದ. ಅವಳಿಗೆ ಅದು ಚೆನ್ನಾಗಿ ನೆನಪಿತ್ತು. ಆದರೂ ಮಾವನ ಬೆನ್ನ ಹಿಂದೆಯೇ ನಿಂತಳು.

ಆ ಶೆಡ್ಡಿನ ಕೆಲಸ ಇಷ್ಟೆ. ಕ್ರೇನು, ಲಾರಿ, ಬುಲ್ಡೋಜರುಗಳಲ್ಲಿ ಎಣ್ಣೆ ಓಡಾಡುವ ದಪ್ಪ ಪೈಪುಗಳನ್ನು ಮಾಡಿಕೊಡುವುದು. ಮೇಲೆ ರಬ್ಬರು, ಒಳಗೆ ಉಕ್ಕಿನ ತಂತಿಯ ಹೆಣಿಗೆ. ಎರಡೂ ತುದಿಗಳಲ್ಲಿ ಮೇಲಿನ ರಬ್ಬರನ್ನು ಕೆರೆದು ತಂತಿ ಬಿಡಿಸಬೇಕು, ಆಮೇಲೆ ಕಬ್ಬಿಣದ ಕ್ಯಾಪು ತೊಡಿಸಿ ಪ್ರೆಸ್ಸಿನಲ್ಲಿ ಅದುಮಬೇಕು. ಕ್ಯಾಪು ತಂತಿಯನ್ನು ಕಚ್ಚಿದರೆ ಬೆಟ್ಟವನ್ನೂ ಎತ್ತಬಹುದು. ರಬ್ಬರನ್ನು ಕಚ್ಚಿದರೆ ಎಂದೋ ಒಂದು ದಿನ ಜಾರುತ್ತದೆ. ಕೆರೆಯುವ ಯಂತ್ರಕ್ಕೆ ಕಾಗದದಲ್ಲಿ ಏನೋ ದೊಡ್ಡ ಹೆಸರಿದೆ. ಕೆಲಸದವರ ಬಾಯಲ್ಲಿ ಅದು ಸಿಪ್ಪೆ ಮಿಷನ್ನು.

ಅದರ ಬ್ಲೇಡು ಸವೆದು ಎಷ್ಟೋ ಕಾಲವಾಗಿತ್ತು. ಸಿಪ್ಪೆ ಸುರುಳಿಯಾಗಿ ಬರುವ ಬದಲು ಪುಡಿಪುಡಿಯಾಗಿ ಉದುರುತ್ತಿತ್ತು. ತಂತಿಯ ಮೇಲೆ ತೆಳ್ಳಗೆ ಉಳಿದ ಕರಿ ಪೊರೆಯನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ ತೆಗೆಯಬೇಕು. ಅವತ್ತು ಯಜಮಾನ ತಲೆಯ ಮೇಲೆ ನಿಂತು, "ಆಯ್ತೇನೇ? ಹೆರಿಗೆ ಮಾಡ್ಕೊಂಡು ಕೂತಿದೀಯ?" ಎಂದು ಅರಚುತ್ತಿದ್ದ; ಯಾವ ಪೈಪು ಯಾರ ಕೈಯಲ್ಲಿದೆ ಎಂದು ನೋಡುವವನಲ್ಲ ಅವನು. ಅವಳು ಒಂದು ತುದಿಯನ್ನು ಉಜ್ಜಿದಳು. ಇನ್ನೊಂದನ್ನು ಉಜ್ಜದೆ ಹಾಗೆಯೇ ಕ್ಯಾಪಿನೊಳಗೆ ತುರುಕಿಬಿಟ್ಟಳು. ಕ್ಯಾಪು ಮುಚ್ಚಿದ ಮೇಲೆ ಯಾರಿಗೆ ಕಾಣುತ್ತದೆ? ಯಾರಿಗೂ ಕಾಣಲಿಲ್ಲ. ಕ್ರೇನು ಭಾರ ಎತ್ತುವಾಗ ಅದು ಕಿತ್ತುಕೊಂಡು ಹಾರಿ ಡ್ರೈವರನ ದವಡೆಗೆ ಬಡಿಯಿತು.

"ನನ್ನ ಕ್ರೇನು ಸುಮ್ಮನೆ ನಿಂತಿದೆ ಕಣ್ರೀ," ಎಂದ ಕ್ರೇನಿನ ಮಾಲೀಕ. ಅವನಿಗೆ ದವಡೆಯ ಚಿಂತೆಯಿರಲಿಲ್ಲ.

"ಇವನಿಗೆ ಮರ್ಯಾದೆ ಮಾಡ್ತೀನಿ, ನೋಡ್ತಿರಿ ಸಾರ್," ಎಂದ ಯಜಮಾನ. ಪೈಪನ್ನು ಮಡಚಿ ಮುದುಕನ ಕೊರಳಿಗೆ ಹಾಕಿ ಎರಡೂ ತುದಿಗಳನ್ನು ತಂತಿಯಿಂದ ಬಿಗಿದ. "ಹೋಗು, ಗೇಟಲ್ಲಿ ನಿಂತ್ಕೊ. ಬರೋರು ಹೋಗೋರು ನೋಡ್ಲಿ ನಿನ್ನ ಹಾರಾನ."

ಮುದುಕ ಹೋದ. ಯಂತ್ರದ ಎಣ್ಣೆ ಅವನ ಅಂಗಿಯೊಳಗೆ ಇಳಿಯುತ್ತಿತ್ತು. ಸೊಸೆ ತಲೆ ಬಗ್ಗಿಸಿ ಸಿಪ್ಪೆ ಮಿಷನ್ನಿನ ಮುಂದೆ ಕೂತಳು. ಗಂಡ ಸತ್ತ ಮೇಲೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡು ಈ ಕೆಲಸ ಕಲಿಸಿದವನು ಆ ಮಾವ. ತಂತಿ ಚುಚ್ಚಿ ರಕ್ತ ಬಂದಾಗ ಬೆರಳಿಗೆ ಬಟ್ಟೆ ಸುತ್ತಿದವನು. ಅವನು ವಯಸ್ಸಾದವನು, ಅವನನ್ನು ಬೈದು ಬಿಟ್ಟುಬಿಡುತ್ತಾರೆ, ತನ್ನನ್ನಾದರೆ ಓಡಿಸುತ್ತಾರೆ, ಮನೆಯಲ್ಲಿ ಮಗಳಿದ್ದಾಳೆ ಎಂದೆಲ್ಲ ಅವಳು ತನಗೆ ತಾನೇ ಹೇಳಿಕೊಂಡಳು. ಎಲ್ಲ ನಿಜವೇ. ಆದರೂ ಮುಖವೆತ್ತಿ ಗೇಟಿನ ಕಡೆ ನೋಡಲು ಅವಳಿಂದ ಆಗಲಿಲ್ಲ.

ಕಿವಿಗೆ ಮುಚ್ಚಳವಿಲ್ಲವಲ್ಲ. "ಏನಜ್ಜ, ಈ ವಯಸ್ಸಲ್ಲಿ ಮದುವೇನಾ?" ಎಂದು ಬೀದಿಯಲ್ಲಿ ಯಾರೋ ಕೇಳಿದರು. ನಗು ಕೇಳಿಸಿತು. ಪಕ್ಕದ ವೆಲ್ಡಿಂಗ್ ಶೆಡ್ಡಿನವರೂ ನಕ್ಕರು.

ಊಟದ ಹೊತ್ತಿಗೆ ಡಬ್ಬಿ ಹಿಡಿದು ಗೇಟಿಗೆ ಹೋದಳು. ಮುದುಕ ಗೋಡೆಗೆ ಒರಗಿ ನಿಂತಿದ್ದ. ಕೊರಳ ಸುತ್ತ ಚರ್ಮ ಕೆಂಪಾಗಿತ್ತು.

"ಭಾರ ಏನಿಲ್ಲ ಕಣಮ್ಮ," ಎಂದ. "ನಿಮ್ಮತ್ತೆ ಇದಕ್ಕಿಂತ ಭಾರ ಇದ್ಲು."

ಅವಳಿಗೆ ನಗು ಬರಲಿಲ್ಲ. "ಮಾವ, ಅದು ನಾನು ಮಾಡಿದ್ದು."

"ಗೊತ್ತು."

"ಗೊತ್ತಿದ್ದೂ ನೀವೇ ಮಾಡಿದ್ದು ಅಂತ ಯಾಕೆ ಹೇಳಿದ್ರಿ?"

"ನನ್ನನ್ನ ಬೋಳಿಮಗ ಅಂತಾನೆ. ನಿನಗೆ ಏನಂತಿದ್ದ ಹೇಳು? ಅದನ್ನ ಕೇಳೋಕೆ ನನ್ನ ಕೈಲಿ ಆಗಲ್ಲ. ಡಬ್ಬಿ ತೆಗಿ, ಹಸಿವು."

"ಆ ಡ್ರೈವರಣ್ಣ ಹೇಗಿದಾರಂತೆ?"

"ಬದುಕ್ತಾನಂತೆ. ಬಾಯಿ ತೆಗೆಯೋಕೆ ಆಗಲ್ವಂತೆ."

ಮುದುಕ ತುತ್ತು ನುಂಗುವಾಗಲೆಲ್ಲ ಪೈಪು ಗಂಟಲಿಗೆ ಒತ್ತುತ್ತಿತ್ತು. ಅವಳು ಎದುರಿಗೆ ಕುಕ್ಕರಗಾಲಲ್ಲಿ ಕೂತು ತಾನೂ ತಿಂದಳು. ನಾಚಿಕೆಗೇಡೆಂದರೆ, ಅವಳಿಗೂ ಹಸಿವಾಗಿತ್ತು. ಡಬ್ಬಿಯ ತಳ ಬಳಿದು ತಿಂದಳು. ಬಾಯಿ ತೆಗೆಯಲಾಗದೆ ಮಲಗಿರುವ ಒಬ್ಬ ಗಂಡಸಿನ ನೆನಪಾಗಿ, ತಿಂದ ಬೆರಳುಗಳನ್ನು ಸೀರೆಯಲ್ಲಿ ಮುಚ್ಚಿಕೊಂಡಳು.

ಮಧ್ಯಾಹ್ನ ಯಜಮಾನ ಮುದುಕನ ಹಾರ ಬಿಚ್ಚಿಸಿ ಒಳಗೆ ಕರೆಸಿದ. ಅದೇ ಕ್ರೇನಿಗೆ ಹೊಸ ಪೈಪು ಆಗಬೇಕಿತ್ತು. ಮಾಲೀಕ ಅಲ್ಲೇ ಕಾಯುತ್ತಿದ್ದ. ಮುದುಕನ ಕೈ ನಡುಗುತ್ತಿದ್ದುದರಿಂದ ಸೊಸೆಯೇ ಸಿಪ್ಪೆ ಮಿಷನ್ನಿಗೆ ಕೂತಳು. ಪೈಪಿನ ತುದಿಯನ್ನು ಮಿಷನ್ನಿನ ಕಬ್ಬಿಣದ ಕಡ್ಡಿಗೆ ತೊಡಿಸಿ ಬ್ಲೇಡು ಇಳಿಸಿದಳು. ರಬ್ಬರು ಹೊಗೆಯಾಡಿತು, ಕರಿ ಪುಡಿ ಮೂಗಿಗೆ ಅಡರಿತು.

"ಯಜಮಾನ್ರೆ, ಬ್ಲೇಡು ಸತ್ತೋಗಿದೆ. ಕೆರೀತಾ ಇಲ್ಲ."

"ಬ್ಲೇಡು ಚೆನ್ನಾಗೇ ಇದೆ. ನಿಮ್ಮಪ್ಪನ ಮನೆ ಬ್ಲೇಡೇನೇ ಅದು, ದಿನಾ ಬದಲಾಯಿಸೋಕೆ? ಕೈ ಆಡಿಸೇ ಮುಂಡೆ."

ಅವಳು ಬ್ರಷ್ಷು ಹಿಡಿದು ಉಜ್ಜತೊಡಗಿದಳು. ಒಂದು ತುದಿಯಲ್ಲಿ ತಂತಿ ಹೊಳೆಯಿತು. ಎರಡನೆಯದು ಅರ್ಧ ಆಗಿತ್ತು, ಅಷ್ಟರಲ್ಲಿ ಯಜಮಾನ ಪೈಪು ಕಿತ್ತುಕೊಂಡು ಪ್ರೆಸ್ಸಿನವನ ಕಡೆ ಎಸೆದ. ಪ್ರೆಸ್ಸಿನವನು ಅವಳ ಮುಖ ನೋಡಿದ, ಯಜಮಾನನ ಮುಖ ನೋಡಿದ, ಕ್ಯಾಪು ತೊಡಿಸಿ ಅದುಮಿದ.

"ಇದೂ ಕಿತ್ಕೊಂಡ್ರೆ?" ಎಂದ ಕ್ರೇನಿನ ಮಾಲೀಕ.

"ಕಿತ್ಕೊಳ್ಳೋದಾ? ನಿಮ್ಮ ಕಣ್ಣೆದುರಿಗೇ ತೋರಿಸ್ತೀನಿ ಬನ್ನಿ."

ಪೈಪುಗಳಿಗೆ ಎಣ್ಣೆ ತುಂಬಿ ಒತ್ತಡ ಕೊಟ್ಟು ನೋಡುವ ಮೇಜಿಗೆ ದಪ್ಪ ತಗಡಿನ ಬಾಗಿಲಿತ್ತು. ಅದನ್ನು ಮುಚ್ಚದೆ ಯಾರೂ ಪಂಪು ಹಾಕುತ್ತಿರಲಿಲ್ಲ. ಕೂದಲೆಳೆಯಷ್ಟು ತೂತಿದ್ದರೂ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಆಮೇಲೆ ಕೈ ಕತ್ತರಿಸಬೇಕಾಗುತ್ತದೆ. ಆ ಶೆಡ್ಡಿಗೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಮಾತು ಅದು. ಯಜಮಾನ ಹೊಸ ಪೈಪನ್ನು ಮೇಜಿಗೆ ಜೋಡಿಸಿ, ಆ ಬಾಗಿಲನ್ನು ಪೂರ್ತಿ ತೆಗೆದಿಟ್ಟ.

"ಏಯ್ ಮುದುಕ, ಬಾ. ಕ್ಯಾಪಿನ ಮೇಲೆ ಕೈ ಇಟ್ಟು ಗಟ್ಟಿಯಾಗಿ ಹಿಡ್ಕೊ. ನೋಡಿ ಸಾರ್, ಇದಕ್ಕಿಂತ ಗ್ಯಾರಂಟಿ ಬೇಕಾ?"

ಕ್ರೇನಿನ ಮಾಲೀಕ ಬೇಡವೆನ್ನಲಿಲ್ಲ. ಮುದುಕ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕ್ಯಾಪಿನ ಸುತ್ತ ಬೆರಳು ಬಿಗಿದ. ಅವನು ಹಿಡಿದದ್ದು ಅರ್ಧ ಉಜ್ಜಿದ ತುದಿಯನ್ನೇ.

ಮಾವನ ಕೊರಳಿಗೆ ಪೈಪು ಬಿದ್ದಾಗ ಸುಮ್ಮನಿದ್ದವಳು ಅವಳು. ಇನ್ನೊಬ್ಬನ ದವಡೆ ಮುರಿದಾಗಲೂ ಸುಮ್ಮನಿದ್ದವಳು. ಯಜಮಾನ ಪಂಪಿನ ಗುಂಡಿಗೆ ಕೈ ಚಾಚಿದ್ದನ್ನು ಕಂಡಾಗ, ಹೇಗೆ ಹೋದಳೋ, ಹೋಗಿ ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವನನ್ನು ಹಿಂದಕ್ಕೆ ತಳ್ಳಿದಳು.

"ಆ ಕಿತ್ತೋದ ಪೈಪು ನಾನು ಮಾಡಿದ್ದು. ಮಾವ ಅಲ್ಲ," ಎಂದಳು. "ರಬ್ಬರ್ ಬಿಟ್ಟಿದ್ದು ಗೊತ್ತಿದ್ದೂ ಕ್ಯಾಪ್ ಹಾಕಿದೆ. ಆ ಅಣ್ಣನ ಬಾಯಿ ಮುರಿದೋಳು ನಾನು. ಇದನ್ನೂ ನಾನೇ ಮಾಡಿದ್ದು, ಅದೇ ಬ್ಲೇಡಲ್ಲಿ."

"ಯಾರ ಮುಂದೆ ಬಾಯಿ ಬಿಡ್ತಿದೀಯೇ ಸೂಳೆ..."

"ಬ್ಲೇಡ್ ಚೆನ್ನಾಗಿದೆ ಅಂದ್ರಲ್ಲ. ನೀವು ಹಿಡ್ಕೊಳ್ಳಿ."

ಕ್ರೇನಿನ ಮಾಲೀಕ ಯಜಮಾನನ ಕಡೆ ತಿರುಗಿದ. "ಹಿಡೀರಿ ಮತ್ತೆ," ಎಂದ. ತಮಾಷೆಯೋ ನಿಜವೋ ಅವನಿಗೇ ಗೊತ್ತಿದ್ದಂತಿರಲಿಲ್ಲ.

ಅವಳು ಪಂಪಿನ ಗುಂಡಿ ಒತ್ತಿದಳು. ಎಣ್ಣೆ ನುಗ್ಗಿ ಪೈಪು ಸೆಟೆದುಕೊಂಡಿತು, ಮಾಪಕದ ಮುಳ್ಳು ಏರತೊಡಗಿತು. ಮೊದಲು ಹಿಂದೆ ಸರಿದವನು ಯಜಮಾನ. ಅವನನ್ನು ನೋಡಿ ಕ್ರೇನಿನ ಮಾಲೀಕ ಕುರ್ಚಿ ಬೀಳಿಸಿಕೊಂಡು ಕಂಬದ ಹಿಂದೆ ಓಡಿದ. ಪ್ರೆಸ್ಸಿನವನು ಮುದುಕನನ್ನು ತಬ್ಬಿಕೊಂಡು ಗೋಡೆಗೆ ಎಳೆದ. "ಬಿಟ್ಟು ಬಾರೇ ತಾಯಿ!" ಎಂದು ಮಾವ ಕೂಗುತ್ತಿದ್ದ.

ಅವಳು ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಕ್ಯಾಪಿನ ಅಂಚಿನಲ್ಲಿ ಎಣ್ಣೆಯ ಒಂದು ಹನಿ ಮೂಡಿ ದಪ್ಪವಾಗುತ್ತಿತ್ತು.

"ಬನ್ನಿ ಯಜಮಾನ್ರೆ," ಎಂದಳು.