ಬಾಗಲಕೋಟೆಯ ಹಾಸಿಗೆ

"ಹಿಂದಕ ಸರಿಯಬೇ ಮುದುಕಿ. ಮೈಮ್ಯಾಲೆ ಬಿದ್ದು ಎಲ್ಲಾರಿಗೂ ರೋಗ ಹಚ್ಚಬೇಕಂತ ಮಾಡೀಯೇನ?"

ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಆಂಬುಲೆನ್ಸ್‌ಗಳ ಉಸ್ತುವಾರಿ ಸಾಹೇಬ ಅಷ್ಟು ದೂರದಿಂದಲೇ ಬೆರಳು ಚಾಚಿ ಗದರಿದ. ಅನಸವ್ವ ಸರಿಯಲಿಲ್ಲ. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ. ಗಂಡ ಮಲಕಾಜಪ್ಪನ ಮಗ್ಗುಲಲ್ಲಿ ನಿದ್ದೆಗೆಟ್ಟು ಮುದುಕಿಯಂತಾಗಿದ್ದಳು.

"ಗಾಡಿ ಬಂದೈತಲ್ರಿ. ನಮ್ಮನಿಯವರನ್ನ ಯಾವಾಗ ಏರಸ್ತೀರಿ?"

"ಏರಸೂದಿಲ್ಲ. ಸುಮ್ಮ ಒಳಗ ಹೋಗು."

ಬೆಳಿಗ್ಗೆ ಡಾಕ್ಟರ್ ಸ್ನೇಹಾ ಅವಳನ್ನು ಕರೆದು ಹೇಳಿದ್ದರು. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಉಸಿರಾಟದ ಯಂತ್ರವಿರುವ ಹಾಸಿಗೆ ಖಾಲಿಯಾಗಿದೆ. ಒಂದೇ ಒಂದು. ಈ ವಾರ್ಡಿನಲ್ಲಿ ಎಲ್ಲರಿಗಿಂತ ಕಷ್ಟದಲ್ಲಿರುವವನು ಮಲಕಾಜಪ್ಪ, ಮೊದಲು ಅವನೇ ಹೋಗಬೇಕು. ಆಗಿನಿಂದ ಅನಸವ್ವ ಬಾಗಿಲಿಗೂ ಹಾಸಿಗೆಗೂ ತಿರುಗಾಡುತ್ತಲೇ ಇದ್ದಳು. ಮಲಕಾಜಪ್ಪನ ಎದೆ ಎಳೆ ಹರಿದ ಮಗ್ಗದಂತೆ ನಿಂತು ನಿಂತು ಓಡುತ್ತಿತ್ತು.

ಅಷ್ಟರಲ್ಲಿ ಒಂದು ಕಾರು ಬಂತು. ಇಳಿದವನು ಶಿವಯೋಗಿ ಸಾವಕಾರ. ಬನಹಟ್ಟಿಯಲ್ಲಿ ಗಂಡ ಹೆಂಡಿರಿಬ್ಬರೂ ದುಡಿಯುತ್ತಿದ್ದುದು ಅವನ ಮಗ್ಗದಲ್ಲೇ. ಲಾಕ್‌ಡೌನಿನಲ್ಲಿ ಹೊರಗೆ ಬೀಗ ಜಡಿಸಿ ಒಳಗೆ ಮಗ್ಗ ಓಡಿಸಿದವನು ಅವನು. ಜ್ವರ ಅಂದ ಮಲಕಾಜಪ್ಪನಿಗೆ, "ಮಗ್ಗದ ಮ್ಯಾಲಿನ ಸೀರಿ ನೇದು ಇಳಿಸಿ ಮಲಗಲೇ" ಅಂದಿದ್ದ. ಈಗ ಕೆಮ್ಮುತ್ತ, ಫೋನಿನಲ್ಲಿ ಮಾತಾಡುತ್ತ, ತಾನೇ ನಡೆದುಹೋಗಿ ಆಂಬುಲೆನ್ಸ್ ಹತ್ತಿ ಕೂತ.

ಅನಸವ್ವ ಒಳಗೋಡಿ ಡಾಕ್ಟರ್ ಎದುರು ನಿಂತಳು.

"ಬಾಯಾರ, ಯಾರ ಮೊದಲಂತ ನೀವ ಹೇಳಿದ್ರಿ."

"ಮ್ಯಾಲಿಂದ ಫೋನ್ ಬಂತು, ಅನಸವ್ವ."

"ಮ್ಯಾಲಿನವ್ರು ಇವರ ಎದಿ ನೋಡ್ಯಾರೇನ್ರಿ?"



ಅನಸವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಹೊರಗೆ ಬಂದು ಆಂಬುಲೆನ್ಸ್ ಹತ್ತಿದವಳೇ ಸಾವಕಾರನ ಎದುರಿನ ಸ್ಟ್ರೆಚರಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಇಳೀ ರಂಡಿ, ಪೊಲೀಸರನ್ನ ಕರಸ್ತೀನಿ," ಅಂದ ಸಾಹೇಬ.

"ಕರಸಲೇ ಭಾಡ್ಯಾ." ಅವಳು ಬಾಯಿಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದಳು. "ರೋಗಿ ಮಗ್ಗಲದಾಗ ಮಲಗೆದ್ದ ಮೈ ಐತಿ ಇದು. ಮುಟ್ಟಿ ಇಳಸವ ಯಾವಂವ ಅದಾನ, ಬರಲಿ."

ಯಾರೂ ಬರಲಿಲ್ಲ. ಸಾವಕಾರ ದನಿ ಇಳಿಸಿದ. "ಹಟ ಮಾಡಬ್ಯಾಡ ಅನಸವ್ವ. ನಿನಗ ಬ್ಯಾರೆ ಗಾಡಿ ತರಸ್ತೀನಿ."

"ನಿಮಗ ಕಾರ್ ಐತ್ರಿ. ನಡದ ಬಂದೀರಿ. ನೀವ ಇಳೀರಿ."

ಡ್ರೈವರ್ ಭೀಮಶಿ ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ. "ಬಾಯಾರ ಹೇಳಿದ ಪೇಶಂಟ್ ಬಂದ್ರಷ್ಟ ಗಾಡಿ ಎಬ್ಬಸ್ತೀನ್ರಿ ಸಾಹೇಬ್ರ."

ಸಾಹೇಬ ಬಾಯಿ ತೆರೆಯುವ ಮೊದಲೇ ಗಾಲಿಮಂಚದ ಸದ್ದು ಬಂತು. ಸಿಲಿಂಡರ್ ಸಮೇತ ಮಲಕಾಜಪ್ಪನನ್ನು ಸ್ನೇಹಾ ತಾವೇ ತಳ್ಳಿಕೊಂಡು ಬರುತ್ತಿದ್ದರು. "ದಾರಿ ಬಿಡ್ರಿ," ಅಂದರು.

ಸಾವಕಾರ ಬೈಯುತ್ತ ಇಳಿದ. ಫೋನು ಕಿವಿಯಲ್ಲೇ ಇತ್ತು.

ಮಲಕಾಜಪ್ಪನನ್ನು ಏರಿಸಿಕೊಂಡು ಹೊರಟ ಗಾಡಿ ಬೀಳಗಿ ದಾಟಿ ಅನಗವಾಡಿ ಸೇತುವೆಗೆ ಹತ್ತಿರವಾದಾಗ ಭೀಮಶಿಯ ಫೋನು ಬಡಿದುಕೊಂಡಿತು. ಸಾಹೇಬನ ದನಿ ಹಿಂದಕ್ಕೂ ಕೇಳುತ್ತಿತ್ತು. "ಹೊಳ್ಳಿ ಬಾರಲೇ. ಆ ಹಾಸಿಗಿ ಸಾವಕಾರಂದು. ಅವ್ರು ಕಾರಿನ್ಯಾಗ ಹೊಂಟಾರ. ನಿಮ್ಮನ್ನ ದವಾಖಾನಿ ಗೇಟಿನೊಳಗ ಬಿಡೂದಿಲ್ಲ."

ಗಾಡಿ ನಿಧಾನವಾಯಿತು.

"ಯಾಕ ನಿಧಾನ ಮಾಡಿದಿ ತಮ್ಮಾ?" ಅನಸವ್ವ ಎರಡೂ ಕೈಯಿಂದ ಗಂಡನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಒತ್ತಿ ಹಿಡಿದಿದ್ದಳು. ಅವನ ತುಟಿ ಕಪ್ಪಿಟ್ಟಿತ್ತು. ಕಣ್ಣು ಮಾತ್ರ ಅವಳ ಮೇಲೇ ಇತ್ತು.

"ಒಳಗ ಬಿಡೂದಿಲ್ಲಂತ, ಅಕ್ಕ."

"ಬಿಡೂದಿಲ್ಲ ಅನ್ನಾವ ಇವರ ಮಾರಿ ನೋಡಿ ಹೇಳಲಿ. ನೀ ಹೊಡಿ."

ಭೀಮಶಿ ಕನ್ನಡಿ ನೋಡಿದ. ಸಾವಕಾರನ ಕಾರು ಹಾರ್ನ್ ಬಾರಿಸುತ್ತ ಬೆನ್ನಿಗೇ ಬಂದಿತ್ತು. ಅವನು ಸೈರನ್ ಹಾಕಿ, ಗಾಡಿಯನ್ನು ಸೇತುವೆಯ ನಟ್ಟನಡುವಿಗೆ ತಂದು ಜೋರಾಗಿ ಓಡಿಸಿದ. ಕಾರು ಹಾರ್ನ್ ಬಾರಿಸುತ್ತಲೇ ಇತ್ತು. ಅವನು ದಾರಿ ಬಿಡಲಿಲ್ಲ.