ಮೂರನೇ ನಂಬರಿನ ಜೋಗುಳ

ಹೆರಿಗೆ ವಾರ್ಡಿನ ಸಿಸ್ಟರ್ ಮೂರನೆಯ ಸಲವೂ ಹಾಡುಗಳನ್ನು ವಾಪಸು ಕಳಿಸಿದರು. ಜೊತೆಗೆ ಬಂದ ಮಾತೂ ಮೊದಲಿನದೇ: ಚೆನ್ನಾಗಿದೆ, ಆದರೆ ಇದು ನಾನಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿದ್ದ ಆ ಸಾಲನ್ನು ಮಿಕ್ಸಿ ಎರಡು ಸಲ ಓದಿ ಫೋನನ್ನು ಬೋರಲು ಹಾಕಿದ.

ಮಿಕ್ಸಿ ಅನ್ನುವುದು ಅವನ ಹೆಸರಲ್ಲ. ಬೇರೆಯವರು ಹಾಡಿ ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಹದವಾಗಿ ಬೆರೆಸಿ, ಕೊನೆಯ ಹೊಳಪು ಕೊಟ್ಟು ಕಳಿಸುವುದು ಅವನ ಕಸುಬು. ಬೆರೆಸುವುದಕ್ಕೆ ಮಿಕ್ಸಿಂಗ್ ಎಂದೂ ಹೊಳಪಿಗೆ ಮಾಸ್ಟರಿಂಗ್ ಎಂದೂ ಹೆಸರು. ಈ ಮಹಡಿಯ ಮನೆಗೆ ಬಂದ ಹೊಸದರಲ್ಲಿ 'ಇಲ್ಲಿ ಮಿಕ್ಸಿಂಗ್ ಮಾಡಲಾಗುತ್ತದೆ' ಎಂದು ಬಾಗಿಲಿಗೆ ಬೋರ್ಡು ಹಾಕಿದ್ದ. ಮರುದಿನವೇ ಎದುರುಮನೆಯಾಕೆ ಬ್ಲೇಡು ತಿರುಗದ ಮಿಕ್ಸಿ ಜಾರನ್ನು ತಂದು ಅವನ ಕೈಯಲ್ಲಿಟ್ಟು, ಸಂಜೆಯೊಳಗೆ ಸಿಕ್ಕರೆ ಸಾಕು ಎಂದಳು. ಅದು ಯಾಕೆ ತಿರುಗುತ್ತಿಲ್ಲ ಎಂಬ ಕುತೂಹಲ ತಡೆಯಲಾರದೆ ಅವನು ಬಿಚ್ಚಿ ನೋಡಿ, ಸರಿಮಾಡಿಯೂ ಕೊಟ್ಟ. ಅಲ್ಲಿಗೆ ಹೆಸರು ಅಂಟಿಕೊಂಡಿತು.

ಕುತೂಹಲವೇ ಅವನ ಬಲ, ಅದೇ ಅವನ ರೋಗ. ಈ ಕೆಲಸಕ್ಕೆ ಪ್ಲಗಿನ್ನುಗಳು ಬೇಕು. ಹಿಂದೆ ಕಪಾಟಿನಷ್ಟು ದೊಡ್ಡ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಈಗ ಕಂಪ್ಯೂಟರಿನೊಳಗೆ ಮಾಡುವ ಪುಟ್ಟ ಪುಟ್ಟ ಸಾಫ್ಟ್‌ವೇರುಗಳು ಅವು. ಗಂಟಲಿನ ಗಡಸು ಕಡಿಮೆ ಮಾಡಲು ಒಂದು, ದನಿ ದೊಡ್ಡ ಹಜಾರದಲ್ಲಿ ಮೊಳಗಿದಂತೆ ಮಾಡಲು ಇನ್ನೊಂದು, ಜೋರು ಮತ್ತು ಮೆಲ್ಲಗೆ ಇವೆರಡರ ನಡುವಿನ ಅಂತರ ತಗ್ಗಿಸಲು ಕಂಪ್ರೆಸರ್ ಎಂಬ ಮತ್ತೊಂದು. ಒಂದೊಂದು ಬಗೆಗೂ ಹತ್ತು ಇದ್ದರೆ ಧಾರಾಳವಾಯಿತು. ಮಿಕ್ಸಿಯ ಹತ್ತಿರ ಒಟ್ಟು ನಾನೂರಹನ್ನೆರಡು ಇದ್ದವು. ಹೊಸದೊಂದು ಬಂತೆಂದರೆ ಇಳಿಸಿಕೊಂಡು ನೋಡದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಪರದೆಯ ಮೇಲೆ ತುಕ್ಕು ಹಿಡಿದ ಸ್ಕ್ರೂ, ಹಳದಿ ದೀಪ, ನಡುಗುವ ಮುಳ್ಳು ಕಂಡರಂತೂ ಕೇಳುವುದಕ್ಕೆ ಮೊದಲೇ ಮನಸೋಲುತ್ತಿದ್ದ.

ಸಿಸ್ಟರ್ ಮುಂದಿನ ತಿಂಗಳು ನಿವೃತ್ತರಾಗುವವರು. ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಹಾಡುತ್ತಲೇ ಕೆಲಸ ಮಾಡಿದವರು. ಅವರು ಹೋದ ಮೇಲೂ ಆ ಹಾಡು ವಾರ್ಡಿನಲ್ಲಿ ಇರಲಿ ಎಂದು ಅಲ್ಲಿನ ದೊಡ್ಡ ಡಾಕ್ಟರಮ್ಮ ಈ ಕೆಲಸವನ್ನು ಮಿಕ್ಸಿಗೆ ಒಪ್ಪಿಸಿದ್ದರು. ಒಂದೇ ಮಧ್ಯಾಹ್ನ, ಅವನ ಕೋಣೆಯಲ್ಲಿ, ಕಿಟಕಿಗೆ ಹಳೆಯ ಹಾಸಿಗೆ ಅಡ್ಡ ನಿಲ್ಲಿಸಿ, ಸಿಸ್ಟರ್ ಹನ್ನೊಂದು ಜೋಗುಳಗಳನ್ನು ನಿಂತೇ ಹಾಡಿ ಮುಗಿಸಿದ್ದರು. ಹಿನ್ನೆಲೆಗೆ ಗಿಟಾರನ್ನು ಆಮೇಲೆ ಮಿಕ್ಸಿಯೇ ನುಡಿಸಿ ಸೇರಿಸಿದ್ದ.

ಮೊದಲ ಸಲ 'ಇದು ನಾನಲ್ಲ' ಎಂದಾಗ, ದನಿ ತಣ್ಣಗಿರಬೇಕು ಎಂದುಕೊಂಡು ಬೆಚ್ಚಗಾಗಿಸುವ ಪ್ಲಗಿನ್ ಹಾಕಿದ. ಎರಡನೆಯ ಸಲ, ದನಿ ತೀರಾ ಹತ್ತಿರವಾಯಿತೇನೋ ಎಂದು ಸ್ವಲ್ಪ ಮೊಳಗಿಸಿ ದೂರ ಕೂರಿಸಿದ. ಮೂರನೆಯ ಸಲ ಎಲ್ಲವನ್ನೂ ಎತ್ತಿ ಜೋರು ಮಾಡಿದ. ಈಗ ನಾಲ್ಕನೆಯದಕ್ಕೆ ಆರು ಕಂಪ್ರೆಸರುಗಳನ್ನು ಸಾಲಾಗಿ ತೆರೆದಿಟ್ಟುಕೊಂಡು, ಒಂದೇ ಸಾಲನ್ನು ಬೆಳಗಿನಿಂದ ತಿರುಗಿ ತಿರುಗಿ ಕೇಳುತ್ತಿದ್ದ.

ಅದೇ ಮನೆಯಲ್ಲಿದ್ದ ಸೋದರತ್ತೆಗೆ ಸಾಕಾಯಿತು. ಅತ್ತೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡಿ ನಿವೃತ್ತರಾದವರು, ಗೀಚಿದ ಚೀಟಿ ಮತ್ತು ತೊಳೆಯದ ಗಾಜು ಎರಡನ್ನೂ ಕ್ಷಮಿಸದವರು. ಅಂಗಿಯ ಗುಂಡಿ ಹೊಲಿಯುತ್ತಿದ್ದವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ಬಂದರು.

"ಇದಕ್ಕಿಂತ ಅದು ಚೆನ್ನಾಗಿದೆ ಅಂತ ನಿಂಗೆ ಹೇಗೆ ಗೊತ್ತಾಗತ್ತೆ?"

"ಕಿವಿಗೆ ಗೊತ್ತಾಗತ್ತೆ, ಅತ್ತೆ. ಇಪ್ಪತ್ತು ವರ್ಷದ ಕಿವಿ."

"ನಮ್ಮ ಲ್ಯಾಬಲ್ಲೂ ಒಬ್ರಿದ್ರು. ಬಾಟ್ಲಿ ನೋಡಿದ್ರೇ ಸಕ್ಕರೆ ಎಷ್ಟಿದೆ ಅಂತ ಹೇಳ್ಬಿಡ್ತಿದ್ರು. ಬಾಟ್ಲಿ ಮೇಲೆ ಹೆಸರು ಇರೋವರೆಗೂ ಸರಿಯಾಗೇ ಹೇಳ್ತಿದ್ರು."

ಮಿಕ್ಸಿಗೆ ಚುಚ್ಚಿದರೂ ನಗು ಬಂತು. ನಕ್ಕ ಮೇಲೆ ಕುತೂಹಲವೂ ಹುಟ್ಟಿತು. ಅತ್ತೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತರು, ಅವನನ್ನು ಗೋಡೆಯ ಕಡೆ ಮುಖಮಾಡಿ ಕೂರಿಸಿದರು. ಆರು ಪ್ಲಗಿನ್ನುಗಳಿಗೆ ಆರು ನಂಬರು. ಮೂರನೇ ನಂಬರು ಮಾತ್ರ ಖಾಲಿ, ಅಲ್ಲಿದ್ದ ಕಂಪ್ರೆಸರನ್ನು ಅತ್ತೆ ಆಫ್ ಮಾಡಿಬಿಟ್ಟಿದ್ದರು. ಯಾವ ಪರೀಕ್ಷೆಯಲ್ಲೂ ಏನೂ ಬೆರೆಸದ ಒಂದು ನಳಿಕೆ ಇರಲೇಬೇಕು, ಇಲ್ಲದಿದ್ದರೆ ಬೆರೆಸಿದ್ದು ಏನು ಮಾಡಿತೆಂದು ತಿಳಿಯುವುದಿಲ್ಲ ಎಂಬುದು ಅವರ ನಂಬಿಕೆ. ಇದನ್ನು ಅವನಿಗೆ ಹೇಳಲಿಲ್ಲ. ಒಂದೊಂದನ್ನೇ ನುಡಿಸುತ್ತಾ ಹೋದರು, ಅವನು ಕಾಗದದ ಮೇಲೆ ಗುಣ ಬರೆಯುತ್ತಾ ಹೋದ. ಆಮೇಲೆ ಸಾಲು ಕದಡಿ ಮತ್ತೊಂದು ಸುತ್ತು, ಮಗದೊಂದು ಸುತ್ತು.

ಮೂರೂ ಸುತ್ತಿನಲ್ಲಿ ಅವನಿಗೆ ಹಿಡಿಸಿದ್ದು ಒಂದೇ ಪ್ಲಗಿನ್. ಮಿಕ್ಸಿ ಎದೆಯುಬ್ಬಿಸಿ ತಿರುಗುವಷ್ಟರಲ್ಲಿ ಅತ್ತೆ ಪರದೆಯ ಮೂಲೆಯಲ್ಲಿ ಏರಿಳಿಯುತ್ತಿದ್ದ ಹಸಿರು ಪಟ್ಟಿಗೆ ಬೆರಳಿಟ್ಟು, ಅದು ಬಂದಾಗಲೆಲ್ಲ ಈ ಪಟ್ಟಿ ಒಂದು ಗೆರೆ ಮೇಲೆ ಹೋಗುತ್ತದಲ್ಲ, ಅದು ಯಾಕೆ ಎಂದು ಕೇಳಿದರು. ಅದು ಉಳಿದವಕ್ಕಿಂತ ಒಂದು ಡೆಸಿಬಲ್ ಜೋರಾಗಿತ್ತು, ಅಷ್ಟೇ. ಕಿವಿ ಗುಣ ಕಂಡು ಮೆಚ್ಚಿರಲಿಲ್ಲ, ಜೋರಿಗೆ ತಲೆಬಾಗಿತ್ತು.

ಮಿಕ್ಸಿ ಎಲ್ಲದರ ಮಟ್ಟವನ್ನೂ ಅಳೆದು ಸಮ ಮಾಡಿ ಮತ್ತೆ ಗೋಡೆಗೆ ಮುಖಮಾಡಿದ. ಈ ಸಲ ಪೆನ್ನು ತಡವರಿಸಿತು. ಎರಡಕ್ಕೂ ಐದಕ್ಕೂ ವ್ಯತ್ಯಾಸವೇ ಸಿಗಲಿಲ್ಲ. ಒಂದೇ ಒಂದು ನಂಬರಿನ ಎದುರಿಗೆ ಮಾತ್ರ ಗಟ್ಟಿಯಾಗಿ, 'ಬೆಚ್ಚಗಿದೆ, ಹಳೆಯ ಯಂತ್ರದ ಗುಣ' ಎಂದು ಬರೆದ. ಅದು ಮೂರನೇ ನಂಬರು.

ಅತ್ತೆ ವಿಷಯ ತಿಳಿಸಿದಾಗ ಅವನು ಕಾಗದವನ್ನೇ ನೋಡುತ್ತಾ ಕುಳಿತ. ಏನೂ ಇಲ್ಲದ ಕಡೆ ಹಳೆಯ ಯಂತ್ರದ ಗುಣ ಕಂಡಿದ್ದ. ಎದುರಿಗೆ ಬೇರೆ ಯಾರಾದರೂ ಇದ್ದಿದ್ದರೆ ಮುಖ ಎಲ್ಲಿಡಬೇಕಿತ್ತೋ. ಅತ್ತೆ ಮಾತ್ರ ಹಂಗಿಸಲಿಲ್ಲ. ಅವರಿಗೆ ಬೇರೊಂದು ಸಂಶಯ ಹತ್ತಿತ್ತು.

"ಈ ಮೂರನೇದು ಇದ್ಯಲ್ಲ, ಇದು ನಿಜವಾಗ್ಲೂ ಖಾಲಿನಾ? ಅವರು ಹಾಡಿದ್ದು ಹೀಗೇನಾ?"

"ಹೀಗೇ. ಕಂಪ್ರೆಸರ್ ಆಫ್ ಮಾಡಿದೀರಲ್ಲ, ಇನ್ನೇನಿರತ್ತೆ?"

"ನೋಡಿ ಹೇಳು. ನೆನಪಿಂದ ಹೇಳ್ಬೇಡ."

ಅವನು ನೋಡಿದ. ಸಿಸ್ಟರ್ ದನಿಗೆ ಹಚ್ಚಿದ ಪ್ಲಗಿನ್ನುಗಳ ಪಟ್ಟಿಯ ತುತ್ತತುದಿಯಲ್ಲಿ, ಎಲ್ಲಕ್ಕಿಂತ ಮೊದಲು, ಬೂದು ಬಣ್ಣದ ಒಂದು ಸಣ್ಣ ಪ್ಲಗಿನ್ ಕುಳಿತಿತ್ತು. ದೀಪವಿಲ್ಲ, ಮುಳ್ಳಿಲ್ಲ, ಕಣ್ಣಿಗೆ ಬೀಳುವಂಥದ್ದಲ್ಲ. ನಾಲ್ಕು ವರ್ಷದ ಹಿಂದೆ ರೇಡಿಯೋ ಜಾಹೀರಾತುಗಳಿಗೆಂದು ಅವನು ಒಂದು ಸಿದ್ಧ ಅಚ್ಚು ಮಾಡಿಟ್ಟುಕೊಂಡಿದ್ದ. ಹೊಸ ಕೆಲಸವೆಲ್ಲ ಆ ಅಚ್ಚಿನಲ್ಲೇ ಶುರುವಾಗುತ್ತಿತ್ತು. ಅದರೊಳಗೆ ಉಸಿರು ಕಳೆಯುವ ಈ ಪ್ಲಗಿನ್ನೂ ಇತ್ತು. ಮಾತಾಡುವವರು ಸಾಲಿನ ನಡುವೆ ಉಸಿರೆಳೆದುಕೊಂಡ ಸದ್ದನ್ನು ತಾನೇ ಹುಡುಕಿ ಒರೆಸಿಹಾಕುವುದು ಅದರ ಕೆಲಸ. ಸಿಸ್ಟರಿಗೆ ಕಳಿಸಿದ ಮೂರು ಬಗೆಯಲ್ಲೂ, ಈಗ ಕೇಳಿದ ಆರು ನಂಬರುಗಳಲ್ಲೂ, ಖಾಲಿ ಎಂದುಕೊಂಡಿದ್ದರಲ್ಲೂ ಅದು ಸುಮ್ಮನೆ ತನ್ನ ಕೆಲಸ ಮಾಡುತ್ತಲೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಮಿಕ್ಸಿಯ ಪಾಡು.

ಅದನ್ನು ಆಫ್ ಮಾಡಿ ಹಾಡು ಹಾಕಿದ. ಮೊದಲ ಸಾಲಿಗೆ ಮುಂಚೆ ಒಂದು ಉದ್ದನೆಯ ಉಸಿರು ಒಳಗೆ ಹೋಯಿತು. ಬಾಯಿಂದ ಎಳೆದದ್ದು, ಮರೆಮಾಚದೆ, ನಿಧಾನವಾಗಿ. ಆಮೇಲೆ ಸಾಲು. ಮತ್ತೆ ಅಷ್ಟೇ ಉದ್ದದ ಉಸಿರು, ಮತ್ತೆ ಸಾಲು. ಹನ್ನೊಂದು ಹಾಡಿನಲ್ಲೂ ಹೀಗೆಯೇ. ಹಾಡುಗಾರರು ಉಸಿರನ್ನು ಬಚ್ಚಿಡಲು ವರ್ಷಗಟ್ಟಲೆ ಕಲಿಯುತ್ತಾರೆ, ಇವರು ಮೂವತ್ತನಾಲ್ಕು ವರ್ಷದಿಂದ ಅದನ್ನು ಎದುರಿಗಿಟ್ಟುಕೊಂಡೇ ಹಾಡಿದ್ದಾರೆ. ಯಾಕೆ? ಸರಿಮಾಡಿ ಕಳಿಸಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಆದರೆ ಈ 'ಯಾಕೆ' ಒಂದು ಅವನನ್ನು ಕೂರಲು ಬಿಡಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಸಿಸ್ಟರ್ ವಾರ್ಡಿನ ಹೊರಗಿನ ಉದ್ದ ಬೆಂಚಿನ ಮೇಲೆ ಚಪ್ಪಲಿ ಕಳಚಿ ಕಾಲು ಚಾಚಿ ಕುಳಿತಿದ್ದರು. ಮಿಕ್ಸಿ ಹತ್ತಿರ ಕುಳಿತು, ತನ್ನ ತಪ್ಪನ್ನು ಒಂದೂ ಬಿಡದೆ ಹೇಳಿಕೊಂಡ. ಉಸಿರು ತೆಗೆದುಬಿಟ್ಟಿದ್ದೆ ಎಂದಾಗ ಸಿಸ್ಟರ್ ಅವನ ಕಡೆ ಪೂರ್ತಿ ತಿರುಗಿದರು.

"ಅದೇನು? ಉಸಿರನ್ನ ತೆಗೀಬಹುದಾ?"

"ತೆಗೀಬಹುದು, ಸಿಸ್ಟರ್. ಸಾಮಾನ್ಯವಾಗಿ ಎಲ್ಲರೂ ತೆಗೆಸ್ತಾರೆ. ಆದ್ರೆ ನೀವು ಅಷ್ಟು ಜೋರಾಗಿ ಯಾಕೆ ತಗೋತೀರಾ ಅಂತ ಕೇಳೋಣ ಅಂತ ಬಂದೆ."

ಸಿಸ್ಟರ್ ವಾರ್ಡಿನ ಬಾಗಿಲ ಕಡೆ ಕೈ ತೋರಿಸಿದರು. ಬಾಗಿಲಾಚೆ ಯಾರೋ ನರಳುವುದು, ಟ್ರಾಲಿಯ ಗಾಲಿ ಕಿರುಗುಟ್ಟುವುದು ಕೇಳುತ್ತಿತ್ತು.

"ನೋವು ಬಂದಾಗ ಅವರಿಗೆ ಮಾತು ಕೇಳ್ಸಲ್ಲ, ತಮ್ಮಾ. ಉಸಿರು ತಗೋ ಅಂದ್ರೆ ಬಿಗಿ ಹಿಡೀತಾರೆ. ಅದಕ್ಕೆ ಪಕ್ಕದಲ್ಲಿ ನಿಂತು ನಾನೇ ತಗೋತೀನಿ, ಕೇಳೋ ಹಾಗೆ. ನಾನು ತಗೊಂಡ್ರೆ ಅವರೂ ತಗೋತಾರೆ. ಆಮೇಲೆ ಬಿಡಬೇಕಲ್ಲ, ಉದ್ದಕ್ಕೆ? ಅದಕ್ಕೊಂದು ಸಾಲು ಹಾಡ್ತೀನಿ. ಹಾಡು ನೆಪ, ಅಷ್ಟೇ."

ಇಷ್ಟು ಹೇಳಿ ಅವರೇ ಬೆರಗಾದರು. ಮೂರು ಸಲ ಕೇಳಿಯೂ ಎಲ್ಲಿ ತಪ್ಪಿದೆ ಎಂದು ತಮಗೆ ತಿಳಿದಿರಲಿಲ್ಲ, ದನಿಯೇನೋ ತಮ್ಮದೇ, ಆದರೂ ಯಾರೋ ಬೇರೆಯವಳು ಹಾಡಿದ ಹಾಗೆ ಇತ್ತು ಎಂದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಆರನೇ ಮಂಚದವಳಿಗೆ ಹೊತ್ತಾಯಿತು ಎನ್ನುತ್ತಾ ಒಳಗೆ ಹೋದರು.

ಮಿಕ್ಸಿ ಮನೆಗೆ ಬಂದು ಆ ಅಚ್ಚನ್ನು ಅಳಿಸಿಹಾಕಿದ. ಖಾಲಿ ಪಟ್ಟಿಯಿಂದ ಶುರುಮಾಡಿದ. ಉಸಿರು ಮರಳಿದ್ದರಿಂದ ಹೊಸ ತೊಡಕು ಹುಟ್ಟಿತು. ಕಂಪ್ರೆಸರಿನ ಕೆಲಸವೇ ಮೆಲ್ಲಗಿದ್ದುದನ್ನು ಜೋರಿನ ಸಮಕ್ಕೆ ತರುವುದಲ್ಲವೇ? ಹಾಕಿದ ಕೂಡಲೇ ಉಸಿರು ಹಾಡಿನಷ್ಟೇ ಎತ್ತರಕ್ಕೆ ಎದ್ದು, ಕಮ್ಮಾರನ ತಿದಿ ಊದಿದ ಹಾಗೆ ಕೇಳುತ್ತಿತ್ತು. ಹಾಕದಿದ್ದರೆ ಕೆಲವು ಸಾಲುಗಳ ಕೊನೆ ಗಿಟಾರಿನಡಿ ಮುಳುಗಿಹೋಗುತ್ತಿತ್ತು.

ಅತ್ತೆಯನ್ನು ಅವನೇ ಕರೆದ. ಮತ್ತೆ ಆರು ನಂಬರು, ಮಟ್ಟವೆಲ್ಲ ಸಮ, ಗೋಡೆಗೆ ಮುಖ. ಈ ಸಲ ಅತ್ತೆ ಒಂದು ಷರತ್ತು ಹಾಕಿದರು: ಯಾವುದು ಚೆನ್ನಾಗಿದೆ ಎಂದು ಕೇಳಬೇಡ, ಏನು ಬೇಕು ಎಂದು ಮೊದಲು ಬರೆದುಕೋ. ಅವನು ಬರೆದ: 'ಉಸಿರು ಕೇಳಬೇಕು, ಆದರೆ ಹಾಡಿಗಿಂತ ಒಂದು ಮೆಟ್ಟಿಲು ಕೆಳಗೆ. ಸಾಲಿನ ಕೊನೆ ಸಾಯಬಾರದು.' ಏನು ಹುಡುಕಬೇಕೆಂದು ಗೊತ್ತಾದ ಮೇಲೆ, ಹೊತ್ತಾರೆ ಒಂದೇ ಎನ್ನಿಸಿದ್ದ ಎರಡೂ ಐದೂ ಅಜಗಜಾಂತರವಾಗಿ ಕೇಳಿಸಿದವು. ಮಿಕ್ಸಿಗೆ ಅದೇ ದೊಡ್ಡ ಸೋಜಿಗ. ಕಿವಿ ಅದೇ, ಪ್ಲಗಿನ್ ಅವೇ, ಪ್ರಶ್ನೆ ಮಾತ್ರ ಬೇರೆ.

ಗೆದ್ದದ್ದು ಐದನೆಯದು. ಮಿಕ್ಸಿಂಗ್ ಸಾಫ್ಟ್‌ವೇರಿನ ಜೊತೆಗೇ ಬಂದಿದ್ದ, ಇವತ್ತಿನವರೆಗೆ ಅವನು ವರ್ಷಗಟ್ಟಲೆ ತೆರೆದೂ ನೋಡಿರದ, ನಾಲ್ಕೇ ಗುಂಡಿಗಳ ಬೋಳು ಪ್ಲಗಿನ್. ಅದು ದನಿಯನ್ನು ನಿಧಾನವಾಗಿ ಹಿಡಿದು ನಿಧಾನವಾಗಿ ಬಿಡುತ್ತಿತ್ತು, ಉಸಿರನ್ನು ಅದರ ಪಾಡಿಗೆ ಬಿಟ್ಟು ಸಾಲಿನ ಬಾಲವನ್ನಷ್ಟೇ ಮೇಲೆತ್ತುತ್ತಿತ್ತು. ಅದರ ಹಿಂದೆ ತಗ್ಗಿನ ಗುಂಯ್‌ಗುಡುವಿಕೆ ಕತ್ತರಿಸಲು ಒಂದು, ಗಿಟಾರಿಗೆ ಸ್ವಲ್ಪ ಮೊಳಗು ಕೊಡಲು ಒಂದು. ಅಷ್ಟಕ್ಕೇ ನಿಲ್ಲಿಸಿದ. ಮಾಸ್ಟರಿಂಗಿನಲ್ಲಿ ಎಂದಿನಂತೆ ಎಲ್ಲದರ ಸದ್ದನ್ನೂ ಚಾವಣಿಗೆ ಮುಟ್ಟಿಸಲು ಹೋಗದೆ, ವಾರ್ಡಿನ ಗೋಡೆಯಲ್ಲಿದ್ದ ಅಂಗೈಯಗಲದ ಸ್ಪೀಕರಿಗೂ ಅಲ್ಲಿನ ಫ್ಯಾನಿನ ಸದ್ದಿಗೂ ಎಷ್ಟು ಬೇಕೋ ಅಷ್ಟೇ ಎತ್ತಿದ. ಅದಕ್ಕಾಗಿ ಎರಡು ಸಲ ವಾರ್ಡಿಗೆ ಹೋಗಿಬಂದ. ಎರಡನೆಯ ಸಲ ಅತ್ತೆಯೂ ಜೊತೆಗೆ ಬಂದು, ಕಾರಿಡಾರಿನ ಆ ತುದಿಯಲ್ಲಿ ನಿಂತು, ಉಸಿರು ಅಲ್ಲಿಗೂ ಕೇಳುತ್ತದೆ ಎಂದು ಕೈಯೆತ್ತಿ ತೋರಿಸಿದರು.

ನಾಲ್ಕನೆಯ ಸಲ ಸಿಸ್ಟರ್ ಹಾಡುಗಳನ್ನು ವಾರ್ಡಿನ ಉಗ್ರಾಣದಲ್ಲಿ, ಮಡಿಸಿಟ್ಟ ಹಾಸಿನ ರಾಶಿಗೆ ಒರಗಿ ನಿಂತು ಕೇಳಿದರು. ಮಿಕ್ಸಿ ಅವರ ಮುಖ ನೋಡಲು ಧೈರ್ಯ ಸಾಲದೆ ಹಾಸುಗಳ ಅಂಚನ್ನು ನೋಡುತ್ತಿದ್ದ. ಎರಡನೆಯ ಸಾಲಿಗೆ ಕಣ್ಣೆತ್ತಿದಾಗ, ಅವರಿಗೇ ತಿಳಿಯದಂತೆ ಅವರ ಭುಜ ಹಾಡಿನ ಉಸಿರಿನ ಜೊತೆ ಏರಿ ಇಳಿಯುತ್ತಿತ್ತು. ತಾನೂ ಉಸಿರೆಳೆದುಕೊಂಡು ನಿಂತಿದ್ದೇನೆ, ಸಾಲು ಮುಗಿಯುವವರೆಗೆ ಬಿಡುತ್ತಿದ್ದೇನೆ ಎಂಬುದು ಅವನಿಗೂ ಆಗಲೇ ಗಮನಕ್ಕೆ ಬಂತು.

"ಹ್ಞೂಂ," ಎಂದರು ಸಿಸ್ಟರ್. "ಇವಳು ನಾನೇ."

ಹನ್ನೊಂದನ್ನೂ ಕೇಳಿ ಮುಗಿಸಿದ ಮೇಲೆ, ನಾಲ್ಕನೆಯ ಜೋಗುಳವನ್ನು ಇನ್ನೊಮ್ಮೆ ಹಾಕಿಸಿದರು. ನಡುವೆ ಒಂದು ಕಡೆ ನಿಲ್ಲಿಸಲು ಹೇಳಿ, ಇಲ್ಲಿ ಉಸಿರು ಗಿಡ್ಡವಾಯಿತು, ನೋವು ಜಾಸ್ತಿಯಿದ್ದವಳಿಗೆ ಇದು ಸಾಲದು ಎಂದರು. ಮಿಕ್ಸಿಗೆ ಉತ್ಸಾಹ ಬಂತು. ಉಸಿರನ್ನು ಹಿಗ್ಗಿಸುವ ಪ್ಲಗಿನ್ನೂ ತನ್ನಲ್ಲಿದೆ, ಬೇಕಾದಷ್ಟು ಉದ್ದ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ ಎಂದು ವಿವರಿಸಿದ. ಸಿಸ್ಟರ್ ತಲೆಯಾಡಿಸುತ್ತಾ, ಅದು ಹೇಗೆ ಹಿಗ್ಗುತ್ತದೆ, ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತದೆ ಎಂದು ಒಂದೊಂದೇ ಕೇಳಿ ತಿಳಿದುಕೊಂಡರು. ಎಲ್ಲ ತಿಳಿದುಕೊಂಡ ಮೇಲೆ, ಆ ಪ್ಲಗಿನ್ ಕೆಲಸ ಮಾಡುವುದನ್ನು ತಾವು ಕಣ್ಣಾರೆ ನೋಡಬೇಕು, ಆದರೆ ಬೇರೆ ಯಾವುದಾದರೂ ಹಾಡಿನ ಮೇಲೆ ಎಂದರು.

"ಇದನ್ನ ನಾನೇ ಇನ್ನೊಂದ್ಸಲ ಹಾಡ್ತೀನಿ. ಗುರುವಾರ ನಂಗೆ ರಜ. ಬೆಳಿಗ್ಗೆನೇ ಬರ್ಲಾ?"

ಬನ್ನಿ ಎಂದ ಮಿಕ್ಸಿ. ಗುರುವಾರ ಅವರು ಹತ್ತು ಗಂಟೆಗೇ ಬಂದರು, ನಾಲ್ಕನೆಯ ಜೋಗುಳವನ್ನು ಎರಡು ಸಲ ಹಾಡಿದರು, ಮಧ್ಯಾಹ್ನದವರೆಗೂ ಕುಳಿತು ಪರದೆಯ ಮೇಲಿನ ಬಣ್ಣದ ಗುಂಡಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದರು.